ಮೂಗು ಒಂದೇ ಕಡೆ ಕಟ್ಟಿದ್ದರೆ

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ನನ್ನ ಕ್ಲಿನಿಕ್ಕಿನಲ್ಲಿ ಮೂಗಿನಿಂದ ರಕ್ತ ಬಂದ ಮಕ್ಕಳ ಸಾಲು ಶುರುವಾಗುತ್ತದೆ. ಶಿರಾ, ಪಾವಗಡ, ಮಧುಗಿರಿ ಕಡೆಯವರು ಜಾಸ್ತಿ. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸೀದಾ ಬಂದಿರುತ್ತಾರೆ, ಯೂನಿಫಾರ್ಮಿನ ಎದೆ ಮೇಲೆ ಒಣಗಿದ ರಕ್ತದ ಕಲೆ ಹಾಗೇ ಇರುತ್ತದೆ. ಜೊತೆಗೆ ಬಂದ ಅಜ್ಜಿಯೋ ಅಮ್ಮನೋ ಕುರ್ಚಿಯಲ್ಲಿ ಕೂರುವ ಮೊದಲೇ ಕಾರಣ ಹೇಳಿಬಿಡುತ್ತಾರೆ. ಉಷ್ಣ. ಕಡಲೆಕಾಯಿ ತಿಂದ, ಬಿಸಿಲಲ್ಲಿ ಕ್ರಿಕೆಟ್ ಆಡಿದ, ನೆತ್ತಿಗೆ ಹರಳೆಣ್ಣೆ ಹಾಕಿಸಿಕೋ ಅಂದ್ರೆ ಓಡಿಹೋಗ್ತಾನೆ.

ನಾನು ಅವರ ಮಾತು ತಳ್ಳಿಹಾಕುವುದಿಲ್ಲ. ಬಿಸಿಲಿನ ಒಣಗಾಳಿಗೆ ಮೂಗಿನ ಒಳಪೊರೆ ಬಿರಿಯುತ್ತದೆ, ಅಲ್ಲಿ ಹೊಪ್ಪಳೆ ಕಟ್ಟುತ್ತದೆ, ಮಗು ಬೆರಳು ಹಾಕಿ ಕೀಳುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಬಂದು ಸೇರುವ ಒಂದು ಜಾಗವಿದೆ. ಮಕ್ಕಳಲ್ಲಿ ರಕ್ತ ಬರುವುದು ಬಹುಪಾಲು ಅಲ್ಲಿಂದಲೇ. ನೇರವಾಗಿ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿದರೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ನಡುನಡುವೆ ಬಿಟ್ಟು ನೋಡಬಾರದು. ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ ಅಂಗಾತ ಮಲಗಿಸಲೂಬಾರದು. ಮಲಗಿಸಿದರೆ ರಕ್ತ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ. ಆಮೇಲೆ ಮಗು ಕಪ್ಪಗೆ ವಾಂತಿ ಮಾಡಿಕೊಂಡಾಗ ಮನೆಯವರು ಇನ್ನೂ ಗಾಬರಿಯಾಗುತ್ತಾರೆ. ಇಷ್ಟು ಹೇಳಿ, ಹಚ್ಚಲು ಒಂದು ಮುಲಾಮು ಬರೆದು, ಉಗುರು ಕತ್ತರಿಸಿ ಅಂತ ಕಳಿಸುತ್ತೇನೆ. ಹೆಚ್ಚಿನವರ ಕಥೆ ಅಲ್ಲಿಗೆ ಮುಗಿಯುತ್ತದೆ.

ನನ್ನನ್ನು ಕಾಡುವುದು ಆ ಸಾಲಿನಲ್ಲಿ ಅಪರೂಪಕ್ಕೆ ಬರುವ ಇನ್ನೊಬ್ಬ ಹುಡುಗ. ವಯಸ್ಸು ಹನ್ನೆರಡರಿಂದ ಹದಿನೆಂಟರ ಒಳಗೆ. ಅವನಿಗೂ ಮೂಗಿನಲ್ಲಿ ರಕ್ತ ಬರುತ್ತದೆ, ಅವನ ಮನೆಯಲ್ಲೂ ಉಷ್ಣ ಅಂತಲೇ ಹೇಳುತ್ತಾರೆ. ಆದರೆ ಅವನ ಮೂಗಿನ ಹಿಂದೆ ಬರೀ ರಕ್ತನಾಳಗಳಿಂದಲೇ ತುಂಬಿದ ಒಂದು ಗಡ್ಡೆ ಬೆಳೆಯುತ್ತಿರುತ್ತದೆ. ಅದರ ಹೆಸರು ಆಂಜಿಯೋಫೈಬ್ರೋಮಾ. ತಲೆ ಮತ್ತು ಕತ್ತಿನಲ್ಲಿ ಬರುವ ಎಲ್ಲಾ ಗಡ್ಡೆಗಳನ್ನು ಲೆಕ್ಕ ಹಾಕಿದರೆ ಇದು ಇನ್ನೂರಕ್ಕೆ ಒಂದರಷ್ಟೂ ಇಲ್ಲ. ಅಷ್ಟು ಅಪರೂಪದ್ದರ ಬಗ್ಗೆ ಇಷ್ಟುದ್ದ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ಇದರ ಒಂದೊಂದು ಲಕ್ಷಣಕ್ಕೂ ನಮ್ಮ ಹತ್ತಿರ ಒಂದೊಂದು ಸುಲಭದ ಕಾರಣ ಸಿದ್ಧವಾಗಿದೆ. ಆ ಕಾರಣಗಳು ಹೆಚ್ಚಿನ ಸಲ ನಿಜವೂ ಹೌದು. ಹಾಗಾಗಿಯೇ ನಿಜವಲ್ಲದ ಆ ಒಂದು ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರು ದೂರು, ಮೂರು ಬಾಗಿಲು

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ಒಂಬತ್ತನೇ ಕ್ಲಾಸು. ಅಪ್ಪನಿಗೆ ಒಂದಷ್ಟು ಅಡಿಕೆ ಗಿಡ, ಒಂದು ಬೋರ್‌ವೆಲ್. ಬರೆಯೋದಕ್ಕೆ ಅವರು ಒಪ್ಪಿದ್ದಾರೆ. ಆದರೂ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪ, ಅಜ್ಜಿ, ಹುಡುಗ ಮೂವರೂ ಬಂದಿದ್ದರು. ಅಜ್ಜಿ ಮೊದಲು ಮಾತು ತೆಗೆದರು. "ಇವಂದು ಹುಟ್ಟಿದಾಗಿಂದ್ಲೂ ಉಷ್ಣದ ಮೈ ಕಣ್ ತಾಯಿ. ಗರಿಕೆ ರಸ ಹಿಂಡಿದ್ದೀನಿ, ಎಳನೀರು ಕುಡಿಸಿದ್ದೀನಿ, ಏನ್ ಮಾಡಿದ್ರೂ ನಿಲ್ಲವಲ್ದು." ಆಮೇಲೆ ಅಪ್ಪ ಒಂದು ಪ್ಲಾಸ್ಟಿಕ್ ಕವರು ತೆಗೆದು ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು.

ಆ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ನೋಡಿದೆ. ಒಬ್ಬರ ಹತ್ತಿರ ಮೂಗಿನಲ್ಲಿ ರಕ್ತ ಬರುತ್ತದೆ ಅಂತ ಹೋಗಿದ್ದಾರೆ. ಅವರು ರಕ್ತ ನಿಲ್ಲುವ ಮಾತ್ರೆ, ವಿಟಮಿನ್ ಸಿ ಕೊಟ್ಟಿದ್ದಾರೆ. ಇನ್ನೊಬ್ಬರ ಹತ್ತಿರ ಮೂಗು ಕಟ್ಟುತ್ತದೆ, ರಾತ್ರಿ ಗೊರಕೆ ಅಂತ ಹೋಗಿದ್ದಾರೆ. ಅವರು ಅಲರ್ಜಿ, ಸೈನಸ್ ಅಂತ ಬರೆದು ಡ್ರಾಪ್ಸ್, ಸ್ಪ್ರೇ ಕೊಟ್ಟಿದ್ದಾರೆ. ಮೂರನೇ ಚೀಟಿ ಕಿವಿಯದು. ಎಡಗಿವಿ ಮಂದ, ಪರದೆಯ ಹಿಂದೆ ನೀರು ಅಂತ ಇದೆ. ಮೂರೂ ಕಡೆ ಕೊಟ್ಟ ಔಷಧಿ ಆಯಾ ದೂರಿಗೆ ಸರಿಯಾಗೇ ಇತ್ತು. ಆದರೆ ಮೂರು ದೂರನ್ನೂ ಒಂದೇ ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ. ಇದರಲ್ಲಿ ಯಾವ ಡಾಕ್ಟರನ್ನೂ ದೂರುವುದಿಲ್ಲ. ಓಪಿಡಿಯಲ್ಲಿ ಒಬ್ಬರಿಗೆ ಸಿಗುವ ಸಮಯ ಎಷ್ಟು ಅಂತ ನನಗೂ ಗೊತ್ತು. ಹಳ್ಳಿಯಿಂದ ಬಂದವರು ಅವತ್ತು ಏನು ಜಾಸ್ತಿ ತೊಂದರೆ ಕೊಡ್ತಿದೆಯೋ ಅದೊಂದನ್ನೇ ಹೇಳುತ್ತಾರೆ. ಮೂಗು ಕಟ್ಟಿದ ದಿನ ರಕ್ತದ ಮಾತು ಬರುವುದಿಲ್ಲ. ರಕ್ತ ಬಂದ ದಿನ ಮೂಗು ಕಟ್ಟಿದ್ದು ಯಾರಿಗೂ ನೆನಪಾಗುವುದಿಲ್ಲ.

ಹುಡುಗನನ್ನು ಮಾತಾಡಿಸಿದೆ. ಬಾಯಿ ತೆರೆದೇ ಉಸಿರಾಡುತ್ತಿದ್ದ. "ನಿಮ್ಮ ಮೇಷ್ಟ್ರ ಹೆಸರೇನು" ಅಂದರೆ "ದಬ್ಬ ಬೇಷ್ಟ್ರು" ಅಂತ ಶುರು ಮಾಡಿದ. ಮೂಗಿನ ಹಿಂಬದಿ ಮುಚ್ಚಿಹೋದಾಗ 'ಮ' ಹೋಗಿ 'ಬ' ಆಗುತ್ತದೆ, 'ನ' ಹೋಗಿ 'ದ' ಆಗುತ್ತದೆ. ನೆಗಡಿಯಾದಾಗ ನಮಗೆಲ್ಲ ಹೀಗೇ ಆಗುತ್ತದೆ, ಅಲ್ವಾ? ಆದರೆ ಇವನಿಗೆ ನೆಗಡಿ ಇರಲಿಲ್ಲ. ಶಾಲೆಯಲ್ಲಿ ಹುಡುಗರು ಇವನ ಮಾತನ್ನು ಅಣಕಿಸುತ್ತಾರೆ ಅಂತ ಅಪ್ಪ ಹೇಳಿದರು. ಕ್ಲಾಸಲ್ಲಿ ಗಮನ ಕೊಡಲ್ಲ ಅಂತ ಮೇಷ್ಟ್ರ ದೂರೂ ಇತ್ತಂತೆ. ಎಡಗಡೆ ಕೇಳಿಸದ ಹುಡುಗನನ್ನು ಬಲಗಡೆ ಗೋಡೆ ಪಕ್ಕ ಕೂರಿಸಿದ್ದರು, ಅಷ್ಟೇ.

ಆಮೇಲೆ ನಾಲಗೆ ಒತ್ತಿ ನೋಡುವ ಸ್ಟೀಲಿನ ಪಟ್ಟಿಯನ್ನು ಒರೆಸಿ ಅವನ ಮೂಗಿನ ಕೆಳಗೆ ಅಡ್ಡಲಾಗಿ ಹಿಡಿದೆ. ಬಾಯಿ ಮುಚ್ಚಿ ಉಸಿರು ಬಿಡು ಅಂದೆ. ತಣ್ಣಗಿನ ಸ್ಟೀಲಿನ ಮೇಲೆ ಬಲಗಡೆ ಹೊಳ್ಳೆಯ ಕೆಳಗೆ ಮಬ್ಬು ಕಟ್ಟಿತು. ಎಡಗಡೆ ಪಟ್ಟಿ ಹೊಳೆಯುತ್ತಲೇ ಇತ್ತು. ಮತ್ತೆ ಒರೆಸಿ ಹಿಡಿದೆ. ಮತ್ತೆ ಬಲಗಡೆ ಮಾತ್ರ. ಇದಕ್ಕೆ ಮಷೀನು ಬೇಡ, ಕರೆಂಟು ಬೇಡ. ಮನೆಯಲ್ಲಿ ಒಂದು ಸಣ್ಣ ಕನ್ನಡಿ ಇದ್ದರೂ ಸಾಕು. ಅಲರ್ಜಿಯ ಮೂಗು ಸಾಮಾನ್ಯವಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಇಲ್ಲವೇ ಎರಡೂ ಕಡೆ ಕಟ್ಟುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿರುವ ಮೂಗಿಗೆ ಬೇರೆ ಕಾರಣ ಹುಡುಕಲೇಬೇಕು. ಅದರ ಜೊತೆಗೆ ಅದೇ ಕಡೆ ನೋವಿಲ್ಲದೆ ಪದೇ ಪದೇ ರಕ್ತ ಬರುತ್ತಿದ್ದು, ಅವನು ಪ್ರಾಯಕ್ಕೆ ಕಾಲಿಡುತ್ತಿರುವ ಹುಡುಗನೇ ಆಗಿದ್ದರೆ, ಬೇರೇನು ಅಂತ ಸಾಬೀತಾಗುವ ತನಕ ಅದು ಆಂಜಿಯೋಫೈಬ್ರೋಮಾ ಅಂತಲೇ ಹಿಡಿಯಬೇಕು. ನನಗೆ ಪಾಠ ಹೇಳಿದವರು ಹೀಗೇ ಹೇಳಿದ್ದರು. ಇವತ್ತಿಗೂ ಅದರಲ್ಲಿ ಬದಲಾಯಿಸುವಂಥದ್ದು ನನಗೇನೂ ಕಂಡಿಲ್ಲ.

ಕೈ ಹಾಕದೆ ನೋಡುವುದು

ಕವರಿನ ತಳದಲ್ಲಿ ಇನ್ನೊಂದು ಚೀಟಿ ಇತ್ತು. ಅದನ್ನು ತೆಗೆಯಲು ಅಪ್ಪ ಹಿಂಜರಿದರು. ನಮ್ಮ ಕಡೆ ಊರೂರಲ್ಲಿ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ: ಮೂಲವ್ಯಾಧಿ, ಭಗಂದರ, ಮೂಗಿನ ದುರ್ಮಾಂಸ, ಆಪರೇಷನ್ ಇಲ್ಲದೆ ಗ್ಯಾರಂಟಿ. ಅಂಥ ಒಂದು ಕಡೆ ಹೋಗಿದ್ದರು. ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, ದುರ್ಮಾಂಸ ಬೆಳೆದಿದೆ ಅಂತ ಹೇಳಿ, ಕೊಂಡಿ ಹಾಕಿ ಎಳೆಯಲು ನೋಡಿದ್ದಾರೆ. ಎರಡು ಟವೆಲ್ ನೆನೆದರೂ ರಕ್ತ ನಿಂತಿಲ್ಲ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದ್ದಾರೆ. ಅಲ್ಲಿನ ಡ್ಯೂಟಿ ಡಾಕ್ಟರು ಮೂಗಿಗೆ ಗಟ್ಟಿಯಾಗಿ ಬಟ್ಟೆ ತುಂಬಿ ಉಳಿಸಿದ್ದಾರೆ. ಉಳಿಸಿದ್ದಾರೆ ಅನ್ನುವ ಮಾತನ್ನು ಅಳೆದು ತೂಗಿಯೇ ಬರೆಯುತ್ತಿದ್ದೇನೆ. ನಾನು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ಕೆಂಪು ಅನ್ನುವುದೇ ಇರಲಿಲ್ಲ. ಹಿಮೋಗ್ಲೋಬಿನ್ ಏಳರ ಆಸುಪಾಸಿನಲ್ಲಿತ್ತು.

ದುರ್ಮಾಂಸಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಹುಡುಗರಲ್ಲಿ ಕೆನ್ನೆಯ ಸೈನಸ್ಸಿನಿಂದ ಹುಟ್ಟಿ ಮೂಗಿನ ಹಿಂದಕ್ಕೆ ಇಳಿಬೀಳುವ ದುರ್ಮಾಂಸ ಬೂದು ಬಿಳುಪಾಗಿರುತ್ತದೆ, ಮಿದುವಾಗಿರುತ್ತದೆ, ಸುಮ್ನೆ ರಕ್ತ ಸುರಿಸುವುದಿಲ್ಲ. ಕೆರೆ ಕುಂಟೆಯ ನೀರಲ್ಲಿ ಮೀಯುವವರಿಗೆ ಬರುವ ರೈನೋಸ್ಪೊರಿಡಿಯೋಸಿಸ್ ಅನ್ನುವುದೊಂದಿದೆ. ಅದೂ ರಕ್ತ ಸುರಿಸುತ್ತದೆ, ಆದರೆ ಅದರ ಕೆಂಪು ಮೈ ತುಂಬಾ ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಆಂಜಿಯೋಫೈಬ್ರೋಮಾ ನುಣುಪಾಗಿ, ಕೆಂಪು ಇಲ್ಲವೇ ನಸುನೇರಳೆ ಬಣ್ಣದಲ್ಲಿ, ಮೂಗಿನ ಹಿಂಭಾಗದಲ್ಲಿ ತುಂಬಿಕೊಂಡಿರುತ್ತದೆ. ಇವನ ಮೂಗಿಗೆ ಮರಗಟ್ಟುವ ಔಷಧಿ ಹಾಕಿ, ಎಂಡೋಸ್ಕೋಪನ್ನು ಎಲ್ಲಿಯೂ ತಗಲದ ಹಾಗೆ ನಿಧಾನಕ್ಕೆ ಬಿಟ್ಟೆ. ಎಡಗಡೆ ಅರ್ಧ ದಾರಿಯಲ್ಲೇ ಅದು ಕಂಡಿತು. ಮೇಲೆ ಸಣ್ಣ ಸಣ್ಣ ರಕ್ತನಾಳಗಳು ಹರಡಿದ್ದವು. ಒಂದು ಕಡೆ ಕಂದು ಹೊಪ್ಪಳೆ ಅಂಟಿತ್ತು, ಅದು ಆ ಕೊಂಡಿಯ ಗುರುತು. ನೋಡಿದೆ, ಫೋಟೋ ತೆಗೆದುಕೊಂಡೆ, ಹೊರಗೆ ಬಂದೆ.

ಇಲ್ಲಿ ನಮ್ಮ ಕಸುಬಿನವರೇ ಎಚ್ಚರವಾಗಿರಬೇಕು. ಬೇರೆ ಯಾವ ಗಡ್ಡೆಯಾದರೂ ಮೊದಲು ಚೂರು ತೆಗೆದು ಬಯಾಪ್ಸಿಗೆ ಕಳಿಸುವುದು ರೂಢಿ. ಇದರಲ್ಲಿ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸಿ ಬಯಾಪ್ಸಿ ಮಾಡಲೇಬಾರದು. ನಮ್ಮ ದೇಹದ ಸಾಮಾನ್ಯ ರಕ್ತನಾಳದ ಗೋಡೆಯಲ್ಲಿ ಸ್ನಾಯುವಿನ ಪದರ ಇರುತ್ತದೆ. ಗಾಯವಾದಾಗ ಅದು ಬಿಗಿದುಕೊಂಡು ರಕ್ತ ನಿಲ್ಲಿಸಲು ನೆರವಾಗುತ್ತದೆ. ಈ ಗಡ್ಡೆಯ ನಾಳಗಳಲ್ಲಿ ಎಷ್ಟೋ ಕಡೆ ಆ ಪದರವೇ ಇರುವುದಿಲ್ಲ. ತೆಳ್ಳನೆಯ ಗೋಡೆ, ಸುತ್ತ ನಾರಿನಂಥ ಗಟ್ಟಿ ಅಂಗಾಂಶ. ಕತ್ತರಿಸಿದರೆ ಬಿಗಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಹಾಗಾಗಿ ಕಾಯಿಲೆ ಯಾವುದು ಅನ್ನುವುದನ್ನು ವಯಸ್ಸು, ಲಕ್ಷಣ, ಎಂಡೋಸ್ಕೋಪಿ, ಸ್ಕ್ಯಾನ್ ಇವುಗಳ ಮೇಲೇ ತೀರ್ಮಾನಿಸಬೇಕು. ಲ್ಯಾಬಿಗೆ ಹೋಗುವುದು ಇಡೀ ಗಡ್ಡೆ ಹೊರಗೆ ಬಂದಮೇಲೆ.

ಸಂಜೆಯೇ ಕಾಂಟ್ರಾಸ್ಟ್, ಅಂದರೆ ರಕ್ತನಾಳ ಎದ್ದು ಕಾಣಿಸುವ ಔಷಧಿ ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಅಪ್ಪನನ್ನೂ ಪಕ್ಕಕ್ಕೆ ಕರೆದು ಫಿಲ್ಮು ತೋರಿಸಿದೆ. ಮುಖದ ಎರಡೂ ಕಡೆ ಕೆನ್ನೆಮೂಳೆಯ ಒಳಗೆ ಗಾಳಿ ತುಂಬಿದ ಕಪ್ಪು ಕೋಣೆ ಇರುತ್ತದೆ. ಅದೇ ಸೈನಸ್ಸು. ಬಲಗಡೆ ಅದರ ಹಿಂದಿನ ಗೋಡೆ ಇರಬೇಕಾದ ಹಾಗೇ ಇತ್ತು. ಎಡಗಡೆ ಅದೇ ಗೋಡೆ ಮುಂದಕ್ಕೆ ಬಾಗಿಹೋಗಿತ್ತು. ಗಡ್ಡೆ ಹಿಂದಿನಿಂದ ನಿಧಾನವಾಗಿ ತಳ್ಳುತ್ತಾ ಬಂದಾಗ ಎಳೆಯ ಮೂಳೆ ಮುರಿಯದೆ ಬಾಗುತ್ತದೆ. ಸಿಟಿ ಸ್ಕ್ಯಾನ್ ಇನ್ನೂ ಇಲ್ಲದ ಕಾಲದಲ್ಲಿ, 1965ರಲ್ಲಿ, ಹೋಲ್ಮನ್ ಮತ್ತು ಮಿಲ್ಲರ್ ಅನ್ನುವ ಇಬ್ಬರು ಈ ಬಾಗನ್ನು ಎಕ್ಸ್‌ರೇಯಲ್ಲಿ ಗುರುತಿಸಿದ್ದರು. ಇವತ್ತಿಗೂ ಅದಕ್ಕೆ ಅವರದ್ದೇ ಹೆಸರು. ಅಪ್ಪ ಬೆರಳಿಟ್ಟು ಎಡ ಬಲ ಎರಡನ್ನೂ ನೋಡಿದರು. "ಇಷ್ಟು ಬಗ್ಗೋಕೆ ಎಷ್ಟು ದಿನ ಬೇಕಾಗ್ತದೆ ಮೇಡಂ?" ಅಂದರು. ತಿಂಗಳುಗಳೇ ಬೇಕು, ವರ್ಷವೂ ಹಿಡಿಯಬಹುದು ಅಂದೆ. ಅವರು ಮತ್ತೇನೂ ಕೇಳಲಿಲ್ಲ.

ಹುಡುಗರಿಗೇ ಯಾಕೆ

ಈ ಗಡ್ಡೆ ಹುಟ್ಟುವ ಜಾಗ ಹೆಚ್ಚುಕಡಿಮೆ ಒಂದೇ. ಮೂಗಿನ ಪಕ್ಕದ ಗೋಡೆಯಲ್ಲಿ ಹಿಂದುಗಡೆ, ರಕ್ತನಾಳ ಒಳಗೆ ಬರುವ ಸಣ್ಣ ರಂಧ್ರವೊಂದಿದೆ. ಅದರ ಸುತ್ತಮುತ್ತ ಇದು ಶುರುವಾಗುತ್ತದೆ. ಅಲ್ಲಿಂದ ಒಂದು ಕಡೆ ಮೂಗಿಗೆ, ಗಂಟಲಿನ ಮೇಲ್ಭಾಗಕ್ಕೆ ಬೆಳೆಯುತ್ತದೆ. ಕಿವಿಗೆ ಗಾಳಿ ಹೋಗುವ ನಳಿಗೆಯ ಬಾಯಿ ಅಲ್ಲೇ ಇರುವುದರಿಂದ ಕಿವಿ ಮಂದವಾಗುತ್ತದೆ. ಇನ್ನೊಂದು ಕಡೆ ಕೆನ್ನೆಯ ಹಿಂದಿನ ಸಂದಿಗೆ ನುಗ್ಗುತ್ತದೆ. ಆಗ ಒಂದು ಕೆನ್ನೆ ಊದಿದಂತೆ ಕಾಣುತ್ತದೆ. ಇನ್ನೂ ಬಿಟ್ಟರೆ ಕಣ್ಣುಗುಡ್ಡೆಯನ್ನು ಮುಂದಕ್ಕೆ ದೂಡುತ್ತದೆ. ತಲೆಬುರುಡೆಯ ತಳ ಸವೆಸಿ ಮೆದುಳಿನ ಹತ್ತಿರಕ್ಕೂ ಹೋಗುತ್ತದೆ.

ಬರುವುದು ಹೆಚ್ಚೂಕಡಿಮೆ ಹುಡುಗರಿಗೆ ಮಾತ್ರ, ಅದೂ ಮೀಸೆ ಚಿಗುರುವ ವಯಸ್ಸಿನಲ್ಲಿ. ಅದಕ್ಕೇ ಗಂಡು ಹಾರ್ಮೋನಿಗೂ ಇದಕ್ಕೂ ಸಂಬಂಧ ಇದೆ ಅಂತ ಬಹಳ ಹಿಂದಿನಿಂದ ಯೋಚಿಸುತ್ತಿದ್ದಾರೆ. ಗಡ್ಡೆಯ ಜೀವಕೋಶಗಳಲ್ಲಿ ಆ ಹಾರ್ಮೋನು ಬಂದು ಕೂರುವ ಜಾಗಗಳೂ ಸಿಕ್ಕಿವೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಫ್ಲೂಟಮೈಡ್ ಮಾತ್ರೆಯನ್ನು ಆಪರೇಷನ್ನಿಗೆ ಮೊದಲು ಕೊಟ್ಟು ಗಡ್ಡೆ ಕುಗ್ಗಿಸುವ ಪ್ರಯತ್ನ 1992ರಷ್ಟು ಹಿಂದೆಯೇ ಆಗಿದೆ. ದೆಹಲಿಯ ಏಮ್ಸ್‌ನವರೂ ಈ ಕೆಲಸ ಮಾಡಿದ್ದಾರೆ. ಪ್ರಾಯಕ್ಕೆ ಬಂದ ಹುಡುಗರಲ್ಲಿ ಸ್ವಲ್ಪ ಗುಣ ಕಂಡಿದೆ. ಆದರೆ ಮಾತ್ರೆಯಿಂದಲೇ ಗುಣವಾಗುವ ಕಾಯಿಲೆ ಇದಲ್ಲ. ವಯಸ್ಸಾದ ಹಾಗೆ ತಾನೇ ಕರಗುತ್ತದೆ ಅನ್ನುವ ಮಾತೂ ಓಡಾಡುತ್ತದೆ. ಹಾಗಾಗಿದ್ದು ತೀರಾ ಕಡಿಮೆ. ಅದನ್ನು ನಂಬಿಕೊಂಡು ರಕ್ತ ಸುರಿಯುವ ಹುಡುಗನನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

"ಕ್ಯಾನ್ಸರ್ ಅಲ್ಲ ತಾನೆ?"

ಎಲ್ಲ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಇದನ್ನೇ. ಇವರೂ ಕೇಳಿದರು. ಅಲ್ಲ, ಇದು ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹರಡುವುದಿಲ್ಲ ಅಂದೆ. ಅಜ್ಜಿ ಕೈ ಮುಗಿದರು. ಅಪ್ಪ ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಅಡಿಕೆ ಕೊಯ್ಲು ಮುಗಿಸ್ಕೊಂಡು ನೋಡನ ಬಿಡಿ ಮೇಡಂ" ಅಂದರು.

ಈ ಗಡ್ಡೆಯ ವಿಷಯದಲ್ಲಿ ನನಗೆ ಅತಿ ಕಷ್ಟದ ಗಳಿಗೆ ಇದು. ಕ್ಯಾನ್ಸರ್ ಅಂದಿದ್ದರೆ ಆ ರಾತ್ರಿಯೇ ಬೆಂಗಳೂರಿಗೆ ಹೊರಡುತ್ತಿದ್ದರು. ಅಲ್ಲ ಅಂದ ಕೂಡಲೇ ಕಾಯಿಲೆ ಚಿಕ್ಕದಾಗಿಬಿಡುತ್ತದೆ. ಕೊಯ್ಲು, ಪರೀಕ್ಷೆ, ಅಕ್ಕನ ಮದುವೆ, ಊರ ಜಾತ್ರೆ ಎಲ್ಲವೂ ಮುಂದೆ ಬಂದು ನಿಲ್ಲುತ್ತವೆ. ಕ್ಯಾನ್ಸರಲ್ಲದ ಗಡ್ಡೆಯೂ ಕಣ್ಣು ಕಳೆಯಬಹುದು, ಒಂದೇ ರಾತ್ರಿಯಲ್ಲಿ ಪ್ರಾಣಕ್ಕೆ ಕುತ್ತು ತರುವಷ್ಟು ರಕ್ತ ಹರಿಸಬಹುದು. ಇದನ್ನು ಹೆದರಿಸದೆ ಹೇಳುವುದು ಹೇಗೆ? ನಾನು ಮತ್ತೆ ಫಿಲ್ಮಿನ ಹತ್ತಿರ ಹೋದೆ. ಬಾಗಿದ ಗೋಡೆಯಿಂದ ಕಣ್ಣಿನ ಗೂಡಿನ ತನಕ ಇನ್ನೆಷ್ಟು ಜಾಗ ಉಳಿದಿದೆ ಅಂತ ಪೆನ್ನಿನ ತುದಿಯಲ್ಲಿ ತೋರಿಸಿದೆ. ಇವತ್ತು ಇಷ್ಟಿದೆ, ಈಗ ತೆಗೆದರೆ ಮೂಗಿನೊಳಗಿನಿಂದಲೇ ತೆಗೆಯಬಹುದು, ಇದು ಇಲ್ಲಿಗೆ ಬಂದರೆ ಆಪರೇಷನ್ನೇ ಬೇರೆ ಆಗುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಕೊಯ್ಲನ್ನು ಭಾವಮೈದನಿಗೆ ವಹಿಸುತ್ತೇನೆ ಅಂದರು. ಅಂದಿನಿಂದ ಯಾರೇ ಬಂದರೂ "ಕ್ಯಾನ್ಸರ್ ಅಲ್ಲ" ಅಂತಷ್ಟೇ ಹೇಳಿ ಮಾತು ನಿಲ್ಲಿಸುವುದಿಲ್ಲ. ಅದೇ ಉಸಿರಿನಲ್ಲಿ "ಆದರೆ ಕಾಯುವ ಹಾಗಿಲ್ಲ" ಅಂತಲೂ ಸೇರಿಸುತ್ತೇನೆ.

ಎಲ್ಲಿಗೆ ಕಳಿಸಬೇಕು ಅನ್ನುವುದರ ಬಗ್ಗೆಯೂ ನನ್ನದು ಒಂದೇ ಮಾತು. ಕಳಿಸಿದರೆ ಒಂದೇ ಸಲ, ಸರಿಯಾದ ಜಾಗಕ್ಕೆ. ರಕ್ತನಾಳದೊಳಗೆ ತಂತಿ ಬಿಟ್ಟು ಚಿಕಿತ್ಸೆ ಮಾಡುವ ರೇಡಿಯಾಲಜಿಸ್ಟ್, ತಲೆಬುರುಡೆಯ ತಳದ ಆಪರೇಷನ್ ಮಾಡಿ ಪಳಗಿದ ಇಎನ್‌ಟಿ ಸರ್ಜನ್, ಕರೆದರೆ ಬರುವ ನ್ಯೂರೋಸರ್ಜನ್, ಬ್ಲಡ್ ಬ್ಯಾಂಕ್, ಐಸಿಯು ಇವೆಲ್ಲ ಒಂದೇ ಸೂರಿನಡಿ ಇರಬೇಕು. ಇಲ್ಲೇ ನೋಡೋಣ, ಆಗದಿದ್ದರೆ ಕಳಿಸೋಣ ಅನ್ನುವುದು ಈ ಗಡ್ಡೆಗೆ ಸಲ್ಲದು. ಅರ್ಧ ತೆಗೆದು ಬಿಟ್ಟದ್ದನ್ನು ಮತ್ತೆ ತೆಗೆಯುವುದು ಮೊದಲ ಸಲಕ್ಕಿಂತ ಕಷ್ಟ. ದುಡ್ಡಿನ ವಿಚಾರಕ್ಕೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಅವಕಾಶವಿದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕಾಗುತ್ತದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಆ ಕೆಲಸ ಮಾಡಿಸಿಕೊಂಡೇ ಹೊರಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎಪ್ಪತ್ತು ಕಿಲೋಮೀಟರ್ ಹೋಗಿ, ಒಂದು ಕಾಗದ ಇಲ್ಲ ಅಂತ ವಾಪಸ್ ಬಂದ ಕುಟುಂಬಗಳನ್ನು ನೋಡಿದ್ದೇನೆ.

ಪರದೆಯ ಮೇಲೆ

ಬೆಂಗಳೂರಿನ ಆ ಆಸ್ಪತ್ರೆಯ ಸರ್ಜನ್ ನನಗೆ ಕಾಲೇಜಿನಲ್ಲಿ ಸೀನಿಯರ್. ಬಂದು ನೋಡುತ್ತೀಯಾ ಅಂತ ಕರೆದರು, ಹೋದೆ. ಮೊದಲ ದಿನ ಎಂಬೊಲೈಸೇಷನ್, ಅಂದರೆ ಗಡ್ಡೆಗೆ ರಕ್ತ ತರುವ ನಾಳಗಳನ್ನು ಒಳಗಿನಿಂದಲೇ ಮುಚ್ಚುವುದು. ಹುಡುಗನ ತೊಡೆಸಂದಿಯ ರಕ್ತನಾಳದಿಂದ ಒಂದು ಸಪೂರ ಕೊಳವೆಯನ್ನು ಬಿಟ್ಟು, ಎದೆಯ ದೊಡ್ಡ ನಾಳ ದಾಟಿಸಿ ಕತ್ತಿಗೆ, ಅಲ್ಲಿಂದ ಮುಖಕ್ಕೆ ರಕ್ತ ಕೊಡುವ ನಾಳದೊಳಗೆ ತಂದರು. ಬಣ್ಣದ ಔಷಧಿ ಬಿಟ್ಟ ಕೂಡಲೇ ಪರದೆಯ ಮೇಲೆ ಗಡ್ಡೆ ಎದ್ದು ಕಂಡಿತು. ಮೊದಲು ಅದಕ್ಕೆ ರಕ್ತ ತರುವ ದಪ್ಪ ನಾಳ ಕಪ್ಪಾಯಿತು, ಮರುಕ್ಷಣ ಅದರಿಂದ ಒಡೆದ ನೂರಾರು ಎಳೆಗಳು, ಆಮೇಲೆ ಇಡೀ ಗಡ್ಡೆ ಒಂದು ಕಪ್ಪು ಮುದ್ದೆ. ರೇಡಿಯಾಲಜಿಸ್ಟ್ ಮತ್ತೆ ಮತ್ತೆ ಒಂದೇ ಜಾಗ ನೋಡುತ್ತಿದ್ದರು. ಈ ನಾಳದಿಂದ ಕಣ್ಣಿಗೆ ಹೋಗುವ ಕವಲು ಏನಾದರೂ ಇದೆಯಾ ಅಂತ. ಇದ್ದು, ಅದು ಗೊತ್ತಾಗದೆ ನಾಳ ಮುಚ್ಚುವ ಕಣಗಳನ್ನು ಬಿಟ್ಟರೆ ದೃಷ್ಟಿಯೇ ಹೋಗಬಹುದು. ಇಲ್ಲ ಅಂತ ಖಾತ್ರಿಯಾದ ಮೇಲೆ ಪಿವಿಎ ಅನ್ನುವ ಸಣ್ಣ ಕಣಗಳನ್ನು ನಿಧಾನಕ್ಕೆ ಬಿಟ್ಟರು. ಕಣಗಳು ಹೋಗಿ ಎಳೆಗಳನ್ನು ಮುಚ್ಚಿದವು. ಮತ್ತೆ ಬಣ್ಣ ಬಿಟ್ಟಾಗ ದಪ್ಪ ನಾಳ ಮಾತ್ರ ಕಂಡಿತು. ಕಪ್ಪು ಮುದ್ದೆ ಇದ್ದ ಜಾಗ ಖಾಲಿ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನಿಗೆ ಇದನ್ನು ವಿವರಿಸಿದೆ. ಅವರು ತಲೆಯಾಡಿಸಿ, "ಅಂದ್ರೆ ಮೊದ್ಲು ಗೇಟ್‌ವಾಲ್ ಬಂದ್ ಮಾಡಿ ಆಮೇಲೆ ಪೈಪು ಬಿಚ್ತಾರೆ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆದರೆ ಈ ಬಂದ್ ಬಹಳ ದಿನ ಇರುವುದಿಲ್ಲ. ದೇಹ ಬೇರೆ ದಾರಿಯಿಂದ ರಕ್ತ ತಂದುಕೊಳ್ಳಲು ಶುರು ಮಾಡುತ್ತದೆ. ಅದಕ್ಕೇ ಒಂದರಿಂದ ಮೂರು ದಿನದೊಳಗೆ ಆಪರೇಷನ್ ಆಗಬೇಕು. ಇವನಿಗೆ ಮರುದಿನ ಬೆಳಿಗ್ಗೆಯೇ ಇಟ್ಟಿದ್ದರು.

1990ರ ದಶಕದ ತನಕ ಇಂಥ ಆಪರೇಷನ್ ಅಂದರೆ ಹೆಚ್ಚಾಗಿ ಮೂಗಿನ ಪಕ್ಕ ಮುಖ ಕೊಯ್ಯುವುದು, ಅಂಗುಳ ಸೀಳುವುದು, ಇಲ್ಲವೇ ಮೇಲ್ದುಟಿಯ ಒಳಗಿನಿಂದ ಬಿಡಿಸಿ ಮುಖದ ಚರ್ಮವನ್ನೇ ಮೇಲಕ್ಕೆ ಸರಿಸುವುದು ಆಗಿತ್ತು. ತೀರಾ ದೊಡ್ಡ ಗಡ್ಡೆಗಳಿಗೆ ಈಗಲೂ ಅದು ಬೇಕಾಗುತ್ತದೆ. ಇವನದ್ದು ಮೂಗಿನೊಳಗಿನಿಂದಲೇ, ಎಂಡೋಸ್ಕೋಪಿನಲ್ಲೇ ಆಯಿತು. ಸೈನಸ್ಸಿನ ಆ ಬಾಗಿದ ಗೋಡೆಯನ್ನು ಚೂರು ಚೂರಾಗಿ ತೆಗೆದು, ಅದರ ಹಿಂದೆ ಬಡಿಯುತ್ತಿದ್ದ ರಕ್ತನಾಳಕ್ಕೆ ಕ್ಲಿಪ್ ಹಾಕಿದರು. ಆಮೇಲೆ ಗಡ್ಡೆಯನ್ನು ಸುತ್ತಲಿಂದ ಬಿಡಿಸುತ್ತಾ ಬಂದರು. ಒಬ್ಬರು ಕತ್ತರಿಸುತ್ತಿದ್ದರೆ ಇನ್ನೊಬ್ಬರು ಇನ್ನೊಂದು ಹೊಳ್ಳೆಯಿಂದ ರಕ್ತ ಹೀರುತ್ತಿದ್ದರು. ಗಡ್ಡೆ ಹೊರಗೆ ಬಂದಾಗ ಕೆಲಸ ಮುಗಿಯಿತು ಅಂದುಕೊಂಡೆ. ಇಲ್ಲ. ಸೀನಿಯರ್ ಡ್ರಿಲ್ ಕೇಳಿದರು. ಗಡ್ಡೆ ಅಂಟಿದ್ದ ಮೂಳೆಯ ಬುಡವನ್ನು ತುಂಬಾ ಹೊತ್ತು ಕೊರೆದರು. ಮೂಳೆಯ ಮೃದು ಭಾಗದೊಳಕ್ಕೆ ಇದು ಬೇರು ಬಿಟ್ಟಿರುತ್ತದೆ. ಮತ್ತೆ ಬೆಳೆಯುವುದು ಬಹುತೇಕ ಅಲ್ಲಿ ಉಳಿದದ್ದರಿಂದಲೇ. ನೋಡಲು ಬರೀ ಮೂಳೆಯ ಹಾಗೆ ಕಂಡರೂ ಅವರು ಕೊರೆಯುವುದು ಬಿಡಲಿಲ್ಲ. ನನಗೆ ಆ ದಿನ ಮನಸ್ಸಿನಲ್ಲಿ ಉಳಿದದ್ದು ಆ ಕೊನೆಯ ತಾಳ್ಮೆ.

ಆಮೇಲಿನ ವರ್ಷಗಳು

ಹುಡುಗ ವಾರದೊಳಗೆ ಊರಿಗೆ ಬಂದ. ಕಿವಿಯ ನೀರು ಇಳಿಯಲು ಕೆಲವು ತಿಂಗಳು ಬೇಕಾಯಿತು. ಮೂಗಿನಲ್ಲಿ ಹೊಪ್ಪಳೆ ಕಟ್ಟದ ಹಾಗೆ ಉಪ್ಪುನೀರಿನಲ್ಲಿ ತೊಳೆಯುವುದನ್ನು ಅಜ್ಜಿಯೇ ಕಲಿತರು. ಲ್ಯಾಬಿನ ರಿಪೋರ್ಟ್ ನಾವು ಅಂದುಕೊಂಡದ್ದನ್ನೇ ಹೇಳಿತು.

ಇಂಥವರನ್ನು ಕೆಲವು ವರ್ಷ ಬಿಡದೆ ನೋಡುತ್ತಿರಬೇಕು. ಮೊದಲ ಎರಡು ಮೂರು ವರ್ಷ ಬಹಳ ಮುಖ್ಯ. ಚೂರು ಉಳಿದಿದ್ದರೆ ಎಂಆರ್‌ಐನಲ್ಲಿ ಲಕ್ಷಣಕ್ಕಿಂತ ಮೊದಲೇ ಕಾಣುತ್ತದೆ. ಉಳಿದದ್ದೆಲ್ಲಕ್ಕೂ ಮತ್ತೆ ಆಪರೇಷನ್ ಬೇಕು ಅಂತಲೂ ಇಲ್ಲ. ಬೆಳೆಯದೆ ಸುಮ್ಮನಿದ್ದರೆ ನೋಡುತ್ತಾ ಇರಬಹುದು. ಮೆದುಳಿನ ಪಕ್ಕ, ತೆಗೆಯಲು ಆಗದ ಜಾಗದಲ್ಲಿ ಬೆಳೆದರೆ ಮಾತ್ರ ರೇಡಿಯೇಷನ್ ಯೋಚಿಸುತ್ತಾರೆ. ಹದಿನೈದು ವರ್ಷದ ಹುಡುಗನ ಮುಖಕ್ಕೆ ರೇಡಿಯೇಷನ್ ಕೊಟ್ಟರೆ ಮುಂದೆಂದೋ ಅದೇ ಜಾಗದಲ್ಲಿ ಕ್ಯಾನ್ಸರ್ ಬರುವ ಭಯ ಇರುವುದರಿಂದ ಅದನ್ನು ಯಾರೂ ಸುಲಭಕ್ಕೆ ಕೈಗೆತ್ತಿಕೊಳ್ಳುವುದಿಲ್ಲ.

ಕಷ್ಟ ಏನೆಂದರೆ ಚೆನ್ನಾಗಿರುವ ಹುಡುಗ ಆಸ್ಪತ್ರೆಗೆ ಬರುವುದಿಲ್ಲ. ಉಸಿರು ಸಲೀಸಾಗಿದೆ, ರಕ್ತ ಇಲ್ಲ, ಮತ್ತೆ ಯಾಕೆ ದುಡ್ಡು ಅಂತ ಮನೆಯವರಿಗೂ ಅನಿಸುತ್ತದೆ. ಇವನದ್ದೂ ಒಂದು ಎಂಆರ್‌ಐ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಾರಕ್ಕೆ ಬಿದ್ದಿತ್ತು. ಅಪ್ಪ ಫೋನ್ ಮಾಡಿ "ಈ ವರ್ಷ ಬಿಟ್ಟುಬಿಡನ ಮೇಡಂ, ಚೆನ್ನಾಗೇ ಅವ್ನಲ್ಲ" ಅಂದರು. ಬಿಡೋದು ಬೇಡ, ಪರೀಕ್ಷೆ ಮುಗಿದ ಮಾರನೇ ವಾರಕ್ಕೆ ಹಾಕಿಸಿಕೊಡ್ತೀನಿ ಅಂದೆ. ಆಸ್ಪತ್ರೆಗೆ ಫೋನ್ ಮಾಡಿ ತಾರೀಕು ಬದಲಿಸಿದೆ. ಬಂದರು, ಸ್ಕ್ಯಾನ್ ಸ್ವಚ್ಛವಾಗಿತ್ತು. ತಮ್ಮನಿಗೂ ಬರುತ್ತದಾ ಅಂತ ಅವತ್ತು ಕೇಳಿದರು. ಸಾಮಾನ್ಯವಾಗಿ ಇದು ಮನೆತನದಲ್ಲಿ ಹರಿದು ಬರುವುದಲ್ಲ. ಕರುಳಿನ ತುಂಬಾ ದುರ್ಮಾಂಸ ಬೆಳೆಯುವ ಒಂದು ವಂಶದ ಕಾಯಿಲೆಯಲ್ಲಿ ಮಾತ್ರ ಈ ಗಡ್ಡೆ ಉಳಿದವರಿಗಿಂತ ಜಾಸ್ತಿ ಕಂಡಿದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಕರುಳಿನ ಕ್ಯಾನ್ಸರ್ ಯಾರಿಗಾದರೂ ಬಂದಿತ್ತಾ ಅಂತ ಕೇಳಿದೆ. ಇಲ್ಲ ಅಂದರು. ಹಾಗಾದರೆ ಚಿಂತೆ ಬೇಡ, ಆದರೆ ಒಂದೇ ಕಡೆ ಮೂಗು ಕಟ್ಟಿ ರಕ್ತ ಬಂದರೆ ಅವತ್ತೇ ಕರೆತನ್ನಿ ಅಂದೆ.

ಹುಡುಗ ಈಗ ಪಿಯುಸಿ. ಮುಂದಿನ ಎಂಆರ್‌ಐ ದಸರಾ ರಜೆಯಲ್ಲಿದೆ. ತಾರೀಕನ್ನು ಫೈಲಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ, ಅವರಪ್ಪನ ಫೋನಿನಲ್ಲೂ ಅಲಾರಂ ಇಡಿಸಿದ್ದೇನೆ. ಹಿಂದಿನ ದಿನ ನಾನೇ ಒಂದು ಸಲ ಫೋನ್ ಮಾಡುತ್ತೇನೆ.